ಬೀಸೆಕಲ್ಲೂ ಅಪರಿಚಿತ ವಾಹನವೂ

ನಮ್ಮ ಸಾಹಿತ್ಯದಲ್ಲಿ ವಾಹನಗಳಿಗೆ ಬರವಿಲ್ಲ. ಪಂಪ ರನ್ನರ ಕಾಲದಿಂದ ರಥಗಳು ಉರುಳುತ್ತ ಬಂದಿವೆ. ಕುಮಾರವ್ಯಾಸನಲ್ಲಿ ಆನೆ ಕುದುರೆಗಳ ದಟ್ಟಣೆ ಎಷ್ಟೆಂದರೆ ಕಾಲಾಳಿಗೆ ನಿಲ್ಲಲು ಎಡೆ ಸಿಗುವುದೇ ಕಷ್ಟ. ಹೊಸಗನ್ನಡಕ್ಕೆ ಬಂದರೆ ಎತ್ತಿನ ಬಂಡಿ, ಹಡಗು, ಉಗಿಬಂಡಿ, ಮೋಟಾರು ಬಸ್ಸು, ಕೊನೆಗೆ ವಿಮಾನ, ಎಲ್ಲವೂ ತಮ್ಮ ತಮ್ಮ ಸರದಿಯಲ್ಲಿ ಕತೆಯೊಳಗೆ, ಪ್ರಬಂಧದೊಳಗೆ, ಪ್ರವಾಸ ಕಥನದೊಳಗೆ ಬಂದು ಕುಳಿತಿವೆ. ಒಂದು ವಾಹನ ಮಾತ್ರ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತೇ ಇದೆ. ಅದು ಸೈಕಲ್ಲು.

ಇದು ಸಣ್ಣ ವಿಷಯವೆಂದು ಯಾರಾದರೂ ಅಂದಾರು. ಆದರೆ ನಮ್ಮ ನಗರಗಳ ಜೀವನವನ್ನು ಕಳೆದ ಶತಮಾನದುದ್ದಕ್ಕೂ ಹೊತ್ತು ನಡೆದದ್ದು ಈ ಎರಡು ಗಾಲಿಗಳೇ. ಕಚೇರಿಯ ಗುಮಾಸ್ತ, ಶಾಲೆಯ ಮಾಸ್ತರ, ಅಂಚೆಯವ, ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡ ಹಾಲಿನವ, ಭೋಂಗಾ ಕೂಗುವ ಮೊದಲೇ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಮುಟ್ಟಬೇಕಾದ ಕೆಲಸಗಾರ, ಸ್ಟ್ಯಾಂಡಿನ ಮೇಲೆ ಸೈಕಲ್ಲು ನಿಲ್ಲಿಸಿ ಪೆಡಲು ತುಳಿಯುತ್ತಲೇ ಸಾಣೆಯ ಕಲ್ಲು ತಿರುಗಿಸಿ ಚೂರಿ ಕತ್ತರಿಗಳನ್ನು ಹರಿತ ಮಾಡಿಕೊಡುವವ, ನಸುಕಿನಲ್ಲಿ ಮನೆಮನೆಗೆ ವೃತ್ತಪತ್ರಿಕೆ ಎಸೆದು ಹೋಗುವ ಹುಡುಗ: ಇವರೆಲ್ಲರ ಜೊತೆಗಾರ ಅದು. ವಾಚಕರಲ್ಲಿ ಎಷ್ಟೋ ಜನ ನಡುವಿನ ದಂಡಿಗೆಯ ಕೆಳಗಿನಿಂದ ಕಾಲು ತೂರಿಸಿ ಅದನ್ನು ಕಲಿತವರೇ ಇರಬೇಕು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದು, ಮೊಣಕಾಲು ಕೆತ್ತಿಸಿಕೊಂಡು, ಹೊತ್ತು ಮೀರಿತೆಂದು ಅಂಗಡಿಯವನಿಂದ ಬೈಸಿಕೊಂಡವರು ಲೇಖಕರಲ್ಲೂ ಕಡಮೆ ಇರಲಾರರು. ಇಷ್ಟು ಜನ ಏರಿದ ವಾಹನಕ್ಕೆ ನಮ್ಮ ಸಾಹಿತ್ಯ ಕೊಟ್ಟ ಸ್ಥಾನ ಯಾವುದು? ಆ ಪ್ರಶ್ನೆಗೂ ಇಂದು ರಸ್ತೆಯಲ್ಲಿ ಸೈಕಲ್ಲಿಗೆ ಸಿಕ್ಕಿರುವ ಸ್ಥಾನಕ್ಕೂ ಏನಾದರೂ ಸಂಬಂಧವಿದೆಯೇ? ಇದೆಯೆಂದು ನನ್ನ ನಂಬಿಕೆ. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

೧

ಕನ್ನಡ ಕಾದಂಬರಿಯಲ್ಲಿ ಸೈಕಲ್ಲಿನ ಅತ್ಯಂತ ಸ್ಮರಣೀಯವಾದ ಪ್ರವೇಶ ಯಾವುದೆಂದು ಕೇಳಿದರೆ ಸಹೃದಯರು ತಡವರಿಸದೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹೆಸರು ಹೇಳುತ್ತಾರೆ. ಪುಸ್ತಕ ಪ್ರಕಟವಾದದ್ದು ೧೯೬೭ರಲ್ಲಿ. ಅದರೊಳಗಿನ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಪಾದ್ರಿ ಜೀವರತ್ನಯ್ಯನ ಕಡೆಯಿಂದ ಬಂದ ಬೈಸಿಕಲ್ಲು ಬೆಟ್ಟಳ್ಳಿಯ ದೇವಯ್ಯಗೌಡನ ಮನಸ್ಸನ್ನು ಸೆಳೆಯುತ್ತದೆ. ಆ ಹೊಸ ಮಾತು ಹಳ್ಳಿಗರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ.

ಈ ಒಂದು ಮಾತಿನಲ್ಲಿ ಎಷ್ಟು ಅರ್ಥ ಅಡಗಿದೆಯೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮೇಲ್ನೋಟಕ್ಕೆ ಇದು ಉಚ್ಚಾರದ ಹಾಸ್ಯ. ಆದರೆ ಬೀಸುವ ಕಲ್ಲು ಮನೆಯ ಒಳಗಿನದು, ಹೆಂಗಸರ ಕೈಯಲ್ಲಿ ಇದ್ದಲ್ಲೇ ಸುತ್ತುವುದು. ಹೊಸ ಯಂತ್ರವೂ ಸುತ್ತುವುದೇ. ಆದರೆ ಸುತ್ತುತ್ತಲೇ ಮುಂದಕ್ಕೆ ಹೋಗುವುದು, ಊರ ಗಡಿ ದಾಟುವುದು. ಹಳ್ಳಿಗ ತಿಳಿಯದೆಯೇ ಸರಿಯಾದ ಉಪಮಾನವನ್ನು ಹಿಡಿದಿದ್ದಾನೆ. ಸುತ್ತುವುದನ್ನು ಅವನು ಬಲ್ಲ. ಸುತ್ತಿ ಮುಂದೆ ಸಾಗುವುದನ್ನು ಅರಿಯ. ಪಾದ್ರಿಯ ಹೊಸ ಮತವೂ ಹೊಸ ವಿದ್ಯೆಯೂ ಅದೇ ಗಾಲಿಗಳ ಮೇಲೆ ಮಲೆನಾಡನ್ನು ಹೊಕ್ಕವೆಂಬ ಇಂಗಿತವೂ ಇಲ್ಲಿದೆ. ಒಂದು ಯುಗ ಇನ್ನೊಂದನ್ನು ಕಂಡು ಬೆಚ್ಚಿ ನಕ್ಕ ಗಳಿಗೆಯನ್ನು ಒಂದೇ ಪದದಲ್ಲಿ ಹಿಡಿದಿಡುವುದು ದೊಡ್ಡ ಕಾದಂಬರಿಕಾರನಿಗೆ ಮಾತ್ರ ಸಾಧ್ಯ.

ಹೀಗಿದ್ದೂ ಒಂದು ಮಾತನ್ನು ಗಮನಿಸಬೇಕು. ಇಲ್ಲಿ ಸೈಕಲ್ಲು ನೋಟದ ವಸ್ತು. ದಾರಿಯ ಬದಿ ನೆರೆದ ಜನರ ಕಣ್ಣಿನಲ್ಲಿ ಅದೊಂದು ವಿಚಿತ್ರ. ಏರಿದವನ ಕಣ್ಣಿನಿಂದ ಜಗತ್ತು ಹೇಗೆ ಕಂಡೀತೆಂಬುದು ಆ ಪ್ರಸಂಗದ ಮುಖ್ಯ ವಿಷಯವಲ್ಲ. ಕುವೆಂಪು ಅವರ ಮಟ್ಟಿಗೆ ಇದು ದೋಷವೇ ಅಲ್ಲ. ಅವರು ಚಿತ್ರಿಸಿದ ಕಾಲದಲ್ಲಿ ಸೈಕಲ್ಲು ನಿಜವಾಗಿಯೂ ವಿಚಿತ್ರವಾಗಿತ್ತು. ನನ್ನ ತಕರಾರು ಅವರ ನಂತರದವರೊಡನೆ. ಆ ವಿಚಿತ್ರ ಕಳೆದು, ಸೈಕಲ್ಲು ಮನೆಮನೆಯ ವಸ್ತುವಾಗಿ, ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬಿಲ್ಲೆ ತಗಲಿಸಿಕೊಂಡು, ದೀಪವಿಲ್ಲದಿದ್ದರೆ ಪೊಲೀಸನ ಕೈಗೆ ಸಿಕ್ಕಿಬೀಳುವಷ್ಟು ಸಾಮಾನ್ಯವಾದ ಮೇಲೂ ನಮ್ಮ ಕತೆಗಾರರಲ್ಲಿ ಹೆಚ್ಚಿನವರ ಕಣ್ಣು ದಾರಿಯ ಬದಿಯಲ್ಲೇ ನಿಂತುಬಿಟ್ಟಿತು. ನಾನು ಓದಿದ ಕತೆಗಳಲ್ಲಿ ಸೈಕಲ್ಲು ಬರುವುದು ಬಡತನದ ಗುರುತಾಗಿ, ಇಲ್ಲವೆ ಹರೆಯದ ಶೋಕಿಯ ಗುರುತಾಗಿ. ಮಾಸ್ತರರ ಹಳೆಯ ಸೈಕಲ್ಲು ಅವರ ಸಂಬಳವೆಷ್ಟೆಂದು ಹೇಳುತ್ತದೆ. ನಾಯಕನ ಹೊಸ ಸೈಕಲ್ಲು ಮಾವನ ಮನೆಯ ಉಡುಗೊರೆ ಎಂತಹುದೆಂದು ಹೇಳುತ್ತದೆ. ಸವಾರಿಯನ್ನು ಕುರಿತು ಅವೆರಡೂ ಏನನ್ನೂ ಹೇಳುವುದಿಲ್ಲ.

ಬೀಸುವ ಕಲ್ಲಿನ ಸುತ್ತ ನಮ್ಮ ಹೆಣ್ಣುಮಕ್ಕಳು ಎಷ್ಟು ಹಾಡು ಕಟ್ಟಿದರು! ನಮ್ಮ ತ್ರಿಪದಿಯ ದೊಡ್ಡದೊಂದು ಪಾಲು ಆ ಕಲ್ಲಿನ ಲಯದಲ್ಲೇ ಹುಟ್ಟಿದ್ದು. ಪೆಡಲಿಗೂ ಒಂದು ಲಯವಿದೆ. ಏರಿನಲ್ಲಿ ಒಂದು, ಇಳುಕಲಿನಲ್ಲಿ ಒಂದು. ಬೀಸೆಕಲ್ಲೆಂದು ಕರೆದುಕೊಂಡ ಮೇಲೂ ಇದರ ಹಾಡು ನಮಗೆ ಹುಟ್ಟಲಿಲ್ಲ.

೨

ಪ್ರವಾಸ ಸಾಹಿತ್ಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕನ್ನಡದಲ್ಲಿ ಈ ಪ್ರಕಾರ ಬಡವಾದುದೇನಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಇದೆ, ಗೋಕಾಕರ ‘ಸಮುದ್ರದಾಚೆಯಿಂದ’ ಇದೆ, ಶಿವರಾಮ ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಇದೆ. ನಂತರದ ದಿನಗಳಲ್ಲಿ ಅಮೆರಿಕೆಗೆ ಹೋಗಿ ಬಂದವರ ಪುಸ್ತಕಗಳೇ ಒಂದು ಕಪಾಟು ತುಂಬುವಷ್ಟಿವೆ. ಇವುಗಳಲ್ಲಿ ಲೇಖಕನನ್ನು ಬೇರೊಂದು ಶಕ್ತಿ ಹೊತ್ತೊಯ್ಯುತ್ತದೆ; ಅವನು ಇಳಿದು ನೋಡುತ್ತಾನೆ. ನೋಡಿದ್ದನ್ನು ಚೆನ್ನಾಗಿಯೇ ಹೇಳುತ್ತಾನೆ. ಆದರೆ ಇಳಿದ ಊರುಗಳ ನಡುವಣ ನೆಲ ಅವನಿಗೆ ಕಿಟಕಿಯ ಚಿತ್ರ.

ಇತರರು ಏನು ಮಾಡಿದರು ನೋಡಿ. ೧೯೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಪಾರಸೀ ತರುಣರು ಆರು ಮಂದಿ ಸೈಕಲ್ಲಿನ ಮೇಲೆ ಲೋಕ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗಾರಾ ಎಂಬ ಮೂವರು ಯಾತ್ರೆ ಮುಗಿಸಿ ೧೯೨೮ರಲ್ಲಿ ಮರಳಿದರು. ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ೧೯೨೬ರಲ್ಲಿ ಕಲಕತ್ತೆಯಿಂದ ಹೊರಟ ಬಿಮಲ್ ಮುಖರ್ಜಿ ಊರಿಗೆ ಬಂದದ್ದು ೧೯೩೭ರಲ್ಲಿ. ಅವರ ‘ದು ಚಾಕಾಯ್ ದುನಿಯಾ’, ಎಂದರೆ ಎರಡು ಗಾಲಿಯ ಮೇಲೆ ಜಗತ್ತು, ಬಂಗಾಳಿ ಓದುಗರ ಪ್ರೀತಿಯ ಪುಸ್ತಕ. ಅದೇ ಬಂಗಾಳದ ರಾಮನಾಥ ಬಿಸ್ವಾಸರು ೧೯೩೧ರಿಂದ ದೇಶದೇಶಗಳನ್ನು ಸೈಕಲ್ಲಿನಲ್ಲಿ ಸುತ್ತಿ ಒಂದರ ಮೇಲೊಂದು ಕಥನ ಬರೆದರು. ಐರ್ಲೆಂಡಿನ ಡರ್ವ್ಲಾ ಮರ್ಫಿ ೧೯೬೩ರಲ್ಲಿ ಒಬ್ಬಳೇ ಸೈಕಲ್ಲು ತುಳಿದು ಹಿಂದೂಸ್ಥಾನಕ್ಕೆ ಬಂದಳು. ಆ ಪುಸ್ತಕ ೧೯೬೫ರಲ್ಲಿ ಹೊರಬಂದಿತು. ಮುಂದೆ ಪುಟ್ಟ ಮಗಳೊಡನೆ ನಮ್ಮ ಕೊಡಗಿಗೂ ಬಂದು ೧೯೭೬ರಲ್ಲಿ ಅದನ್ನು ಕುರಿತೊಂದು ಪುಸ್ತಕ ಪ್ರಕಟಿಸಿದಳು. ಆ ಯಾತ್ರೆ ಸೈಕಲ್ಲಿನದಲ್ಲ. ಆದರೂ ಹಿಂದಿನ ಸವಾರಿ ಕಲಿಸಿದ ಸಾವಧಾನದ ಕಣ್ಣು ಅಲ್ಲಿಯೂ ಇದೆ.

ಇವರನ್ನು ಹೆಸರಿಸಿದ್ದು ಸಾಹಸವನ್ನು ಹೊಗಳುವುದಕ್ಕಲ್ಲ. ಸೈಕಲ್ಲಿನವನು ದಾರಿಯ ಜನರ ಮುಂದೆ ಸದಾ ಬಾಗಿಲು ತೆರೆದ ಮನೆಯಂತಿರುತ್ತಾನೆ. ನೀರು ಕೇಳಬೇಕು, ದಾರಿ ಕೇಳಬೇಕು, ಗಾಲಿಗೆ ಹವಾ ಬೇಕು, ಮಳೆ ಬಂದರೆ ಯಾರದೋ ಕಟ್ಟೆ ಬೇಕು. ಅವನ ಕಥನದಲ್ಲಿ ಬೇರೆ ಮನುಷ್ಯರು ಬಾರದೆ ಗತಿಯಿಲ್ಲ.

ಈಗ ನಮ್ಮಲ್ಲೂ ದೂರಸವಾರಿಯ ಹವ್ಯಾಸ ಬೆಳೆದಿದೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಸವಾರರ ಕೂಟಗಳಿವೆ. ಭಾನುವಾರ ನಸುಕಿನಲ್ಲೇ ಹೊರಟು ಗದಗು ದಾಟಿ ಲಕ್ಕುಂಡಿಯ ಗುಡಿಗಳನ್ನು ಮುಟ್ಟಿ ಬರುವವರಿದ್ದಾರೆ, ಕಲಘಟಗಿಯ ಹಾದಿ ಹಿಡಿದು ಕಾಡಿನ ಕಡೆ ಹೋಗುವವರಿದ್ದಾರೆ. ೨೦೦ ಕಿಲೋಮೀಟರನ್ನು ೧೩ ಗಂಟೆ ೩೦ ನಿಮಿಷದೊಳಗೆ ಮುಗಿಸಬೇಕೆಂಬ ಫ್ರೆಂಚ್ ಪದ್ಧತಿಯ ಸವಾರಿಗಳೂ ನಾಡಿನಲ್ಲಿ ರೂಢಿಯಾಗಿವೆ. ಸಂತೋಷವೇ. ಆದರೆ ಇವರು ಬರೆದ ವರದಿಗಳನ್ನು ಓದಿದಾಗ ನನಗೆ ನಿರಾಶೆಯಾಗುತ್ತದೆ. ಎಷ್ಟು ದೂರ, ಎಷ್ಟು ಏರು, ಸರಾಸರಿ ವೇಗವೆಷ್ಟು, ಎಷ್ಟು ಸಲ ಪಂಕ್ಚರ್ ಆಯಿತು ಎಂಬ ಲೆಕ್ಕವೆಲ್ಲ ಇರುತ್ತದೆ. ಪಂಕ್ಚರ್ ತೆಗೆದುಕೊಟ್ಟವನ ಮುಖ ಇರುವುದಿಲ್ಲ. ದೂರವನ್ನು ಅಳೆಯುವುದು ಗಡಿಯಾರಕ್ಕೂ ಬರುತ್ತದೆ. ಬರೆಯುವವನು ಅದಕ್ಕಿಂತ ಹೆಚ್ಚಿನದನ್ನು ಕೊಡಬೇಕು.

೩

ದೂರ ಹೋಗುವುದೂ ಬೇಡ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ಇಪ್ಪತ್ತು ಕಿಲೋಮೀಟರಿನ ಪಿ.ಬಿ. ರಸ್ತೆಯೇ ಒಂದು ಕಾವ್ಯವಸ್ತು. ೧೯೬೨ರಿಂದ ಎರಡೂ ಊರುಗಳಿಗೆ ಒಂದೇ ನಗರಾಡಳಿತ. ಆದರೂ ಒಂದು ವ್ಯಾಪಾರದ ಊರು, ಒಂದು ವಿದ್ಯೆಯ ಊರು ಎಂಬ ನಾಣ್ಣುಡಿ ಅಳಿದಿಲ್ಲ. ಬಸ್ಸಿನಲ್ಲಿ ಕುಳಿತವನಿಗೆ ಈ ಎರಡು ಊರುಗಳ ನಡುವಿನ ವ್ಯತ್ಯಾಸ ಅಂಗಡಿಯ ಫಲಕಗಳಲ್ಲಿ ಮಾತ್ರ ಕಂಡೀತು. ಸೈಕಲ್ಲಿನವನಿಗೆ ಅದು ತೊಡೆಯಲ್ಲಿ ತಿಳಿಯುತ್ತದೆ. ನಾನು ಈ ರಸ್ತೆಯನ್ನು ತುಳಿದವನಾದ್ದರಿಂದ ಹೇಳಬಲ್ಲೆ: ಧಾರವಾಡ ಎತ್ತರದಲ್ಲಿದೆಯೆಂಬುದನ್ನು ಭೂಗೋಳದ ಪುಸ್ತಕ ಬೇಕಿಲ್ಲದೆ ಮೊಣಕಾಲೇ ಕಲಿಸುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಎದುರಾಗಿ ನಿಂತಾಗ ಧಾರವಾಡ ಇನ್ನೂ ಐದು ಮೈಲು ಹಿಂದಕ್ಕೆ ಸರಿದಂತಾಗುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತದೆ. ಹುಬ್ಬಳ್ಳಿಯ ಎರೆಮಣ್ಣು ಮುಗಿದು ಕೆಮ್ಮಣ್ಣು ತಲೆದೋರುವುದು, ಬಯಲುಸೀಮೆ ಮಲೆನಾಡಿನ ಸೆರಗಿಗೆ ಬಂದು ಮುಟ್ಟುವುದು ಈ ಹಾದಿಯಲ್ಲೇ. ಉಣಕಲ್ಲ ಕೆರೆಯ ತಂಪು, ಅಲ್ಲಿಯ ಚಂದ್ರಮೌಳೇಶ್ವರ ಗುಡಿ, ನವಲೂರಿನ ಹತ್ತಿರ ಹಂಗಾಮಿನಲ್ಲಿ ಪೇರಲ ಹಣ್ಣಿನ ಬುಟ್ಟಿ, ಇವೆಲ್ಲ ನಿಧಾನವಾಗಿ ಬರುವವನಿಗೆ ಮಾತ್ರ ವಾಸನೆಯ ಸಮೇತ ದೊರೆಯುತ್ತವೆ. ಧಾರವಾಡದ ಸಾಹಿತ್ಯ ಬಹುಮಟ್ಟಿಗೆ ಕಾಲ್ನಡಿಗೆಯವರ ಸಾಹಿತ್ಯ. ಬೇಂದ್ರೆಯವರ ಸಾಧನಕೇರಿ, ೧೯೩೩ರಿಂದ ನಡೆದುಬಂದ ಮನೋಹರ ಗ್ರಂಥಮಾಲೆಯ ಅಟ್ಟ, ಎಲ್ಲವೂ ನಡೆದು ಹೋಗಿ ಹರಟೆ ಹೊಡೆಯುವ ದೂರದಲ್ಲಿದ್ದವು. ಆ ಸಾಹಿತ್ಯ ಊರಿನ ಕೇರಿಗಳನ್ನು ಬೆಳಗಿತು. ಎರಡೂರ ನಡುವಿನ ರಸ್ತೆಯನ್ನು ಅದೇ ಪ್ರೀತಿಯಿಂದ ಹಿಡಿದ ಪುಸ್ತಕ ನನ್ನ ಕೈಗೆ ಇನ್ನೂ ಬಂದಿಲ್ಲ.

ಆ ರಸ್ತೆ ಈಗ ಬದಲಾಗಿದೆ. ೨೦೧೮ರಲ್ಲಿ ಅದರ ನಡುವೆ ಪ್ರತ್ಯೇಕ ಪಥದಲ್ಲಿ ತ್ವರಿತ ಬಸ್ಸುಗಳು ಓಡತೊಡಗಿದವು. ಅವಕ್ಕೆ ‘ಚಿಗರಿ’ ಎಂದು ಹೆಸರಿಟ್ಟವರನ್ನು ನಾನು ವಿಮರ್ಶಕನಾಗಿ ಅಭಿನಂದಿಸುತ್ತೇನೆ. ನಮ್ಮ ಕಡೆಯ ನುಡಿ, ಜಿಂಕೆಯ ಜಿಗಿತ, ಎರಡೂ ಆ ಹೆಸರಿನಲ್ಲಿವೆ. ಮೈಸೂರಿನವರು ೨೦೧೭ರಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳನ್ನು ತಂದಾಗ ‘ಟ್ರಿಣ್ ಟ್ರಿಣ್’ ಎಂದು ಗಂಟೆಯ ಸದ್ದನ್ನೇ ಹೆಸರಾಗಿ ಕೊಟ್ಟರು, ಅದೂ ರಸಿಕತೆಯೇ. ಆದರೆ ಉಣಕಲ್ಲ ನಾಲೆಯ ದಂಡೆಗುಂಟ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವೂ ದೊರೆತು ಕೈಗೊಂಡ ಸೈಕಲ್ ಹಾದಿಗೆ ಕಾಗದಪತ್ರಗಳಲ್ಲಿರುವ ಹೆಸರು ‘ಗ್ರೀನ್ ಮೊಬಿಲಿಟಿ ಕಾರಿಡಾರ್’. ಬಸ್ಸಿಗೆ ಚಿಗರಿಯೆಂದು ಮುದ್ದಿನ ಹೆಸರು. ಸೈಕಲ್ಲಿನ ಹಾದಿಗೆ ಕಡತದ ಹೆಸರು. ಹೆಸರಿಲ್ಲದ್ದನ್ನು ಜನ ತಮ್ಮದೆಂದು ಕೇಳಿ ಪಡೆಯುವುದು ಕಷ್ಟ. ಅತ್ತ ಹೆದ್ದಾರಿಯಲ್ಲಿ ನಡುವೆ ಚಿಗರಿ, ಅದರ ಎರಡೂ ಬದಿಗೆ ಕಾರು, ಲಾರಿ, ಫಟಫಟಿ. ಅವುಗಳ ಅಂಚಿನ ಅಂಚಿನಲ್ಲಿ, ಧೂಳು ಮತ್ತು ಗಟಾರದ ನಡುವೆ ಉಳಿದ ಮೊಳದಗಲ ಜಾಗ ಸೈಕಲ್ಲಿನವನದು.

೪

ಇಲ್ಲಿಗೆ ನಾನು ಮುಟ್ಟಬೇಕೆಂದಿದ್ದ ಮಾತಿಗೆ ಬಂದೆ. ಕತೆ ಕಾವ್ಯಗಳಲ್ಲಿ ಸೈಕಲ್ ಸವಾರನನ್ನು ಕಾಣದ ನಾವು ಅವನನ್ನು ಒಂದು ಗದ್ಯಪ್ರಕಾರದಲ್ಲಿ ತಪ್ಪದೆ ಕಾಣುತ್ತೇವೆ. ಅದು ಪತ್ರಿಕೆಯ ಒಳಪುಟದ ನಾಲ್ಕು ಸಾಲಿನ ಸುದ್ದಿ. ‘ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು.’ ಈ ಶೀರ್ಷಿಕೆಯನ್ನು ಓದದ ಕನ್ನಡಿಗ ಇರಲಾರ. ಅಚ್ಚಿನ ಮೊಳೆ ಹೋಗಿ ಗಣಕಯಂತ್ರ ಬಂದರೂ ಈ ವಾಕ್ಯ ಮಾತ್ರ ಹಾಗೆಯೇ ಉಳಿದಿದೆ. ಸಾಹಿತ್ಯ ವಿಮರ್ಶೆ ಕಾವ್ಯಕ್ಕೆ ಹಚ್ಚುವ ಒರೆಗಲ್ಲನ್ನು ಈ ವಾಕ್ಯಕ್ಕೂ ಹಚ್ಚಿ ನೋಡಬಾರದೇಕೆ?

ಇದರ ವ್ಯಾಕರಣ ನೋಡಿ. ಡಿಕ್ಕಿ ಹೊಡೆದ ಕರ್ತೃ ಯಾರು? ವಾಹನ. ಅದನ್ನು ಓಡಿಸುತ್ತಿದ್ದ ಮನುಷ್ಯ ವಾಕ್ಯದಲ್ಲೇ ಇಲ್ಲ. ‘ನಿಯಂತ್ರಣ ತಪ್ಪಿದ ಲಾರಿ’ ಎನ್ನುತ್ತೇವೆ, ಲಾರಿ ತಾನಾಗಿಯೇ ಬುದ್ಧಿ ಕೆಟ್ಟು ಓಡಿತೆಂಬಂತೆ. ‘ವೇಗವಾಗಿ ಬಂದ ಕಾರು’ ಎನ್ನುತ್ತೇವೆ, ವೇಗ ಕಾರಿನ ಸ್ವಭಾವವೆಂಬಂತೆ. ಸತ್ತವನಿಗೋ ಮನುಷ್ಯನೆಂಬ ಪದವಿಯೇ ಇಲ್ಲ. ಅವನು ‘ಸೈಕಲ್ ಸವಾರ’. ಹೆಸರು, ಊರು, ವಯಸ್ಸು ಕೆಳಗಿನ ಸಾಲಿನಲ್ಲಿ ಬಂದರೆ ಬಂದಾವು. ಅವನು ಎಲ್ಲಿಂದ ಎಲ್ಲಿಗೆ ಹೊರಟಿದ್ದ, ಕ್ಯಾರಿಯರಿನ ಮೇಲೆ ಏನು ಹೇರಿದ್ದ, ಕಾದಿದ್ದವರು ಯಾರು, ಆ ತಿರುವಿನಲ್ಲಿ ದೀಪವಿತ್ತೇ, ರಸ್ತೆಯ ಅಂಚು ಒಡೆದಿತ್ತೇ ಎಂಬ ಒಂದು ಮಾತೂ ಇಲ್ಲ.

ಇನ್ನು ‘ಅಪರಿಚಿತ’ ಎಂಬ ವಿಶೇಷಣ. ವಾಹನ ಸತ್ತವನಿಗೆ ಅಪರಿಚಿತವೋ, ಬದುಕಿದ್ದವರಿಗೋ? ಓಡಿಸಿದವನಿಗಂತೂ ಅದು ಚೆನ್ನಾಗಿಯೇ ಪರಿಚಿತ. ಅಪಘಾತವಾದಾಗ ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಲು ಯತ್ನಿಸುವುದೂ ಪೊಲೀಸರಿಗೆ ತಿಳಿಸುವುದೂ ಚಾಲಕನ ಹೊಣೆಯೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ನೆರವಾದ ದಾರಿಹೋಕನಿಗೆ ಕಿರುಕುಳವಾಗದಂತೆ ೨೦೧೯ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಅಂದರೆ ‘ಅಪರಿಚಿತ ವಾಹನ’ ಎಂಬ ಎರಡು ಪದಗಳ ಹಿಂದೆ ನಿಂತಿರುವುದು ನಿಲ್ಲದೆ ಹೋದ ಒಬ್ಬ ಮನುಷ್ಯನ ನಿರ್ಧಾರ. ೨೦೨೨ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ೩೦,೪೮೬ ಮಂದಿ ಸತ್ತದ್ದು ಹೊಡೆದು ನಿಲ್ಲದೆ ಹೋದ ವಾಹನಗಳಿಂದ. ಸೈಕಲ್ ಸವಾರರು ೪,೮೦೦ಕ್ಕೂ ಹೆಚ್ಚು. ವಾಹನ ಪತ್ತೆಯಾಗದ ಸಾವಿಗೆ ೨೦೨೨ರ ಏಪ್ರಿಲ್ ೧ರಿಂದ ಎರಡು ಲಕ್ಷ ರೂಪಾಯಿ ಪರಿಹಾರ ನಿಗದಿಯಾಯಿತು. ಅದಕ್ಕೆ ಮುಂಚೆ ಇಪ್ಪತ್ತೈದು ಸಾವಿರವಿತ್ತು. ‘ಅಪರಿಚಿತ’ ಎಂಬ ಮಾತಿಗೆ ಸರಕಾರ ಬೆಲೆ ಏರಿಸಿದೆ. ನಾವು ಅರ್ಥ ಕೊಡುವುದು ಬಾಕಿಯಿದೆ.

ಭಾಷೆ ಬದಲಾದರೆ ರಸ್ತೆ ಬದಲಾದೀತೇ ಎಂದು ವಾಚಕರು ಕೇಳಬಹುದು. ನಮ್ಮ ಊರಿನದೇ ನಿದರ್ಶನವಿದೆ. ೨೦೨೧ರ ಜನವರಿ ೧೫ರಂದು ಧಾರವಾಡದ ಬಳಿ ಇಟಿಗಟ್ಟಿಯ ಹತ್ತಿರ, ಗೋವೆಗೆ ಹೊರಟಿದ್ದ ದಾವಣಗೆರೆಯ ಶಾಲಾ ಗೆಳತಿಯರ ವಾಹನಕ್ಕೆ ಟಿಪ್ಪರ್ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆ ಬೈಪಾಸಿನಲ್ಲಿ ಅದಕ್ಕೂ ಮುಂಚೆ ಅಪಘಾತಗಳಾಗಿದ್ದವು. ಆದರೆ ಆ ದಿನ ಪತ್ರಿಕೆಗಳು ಸತ್ತವರ ಗೆಳೆತನವನ್ನು ಬರೆದವು, ಅವರು ಎಲ್ಲಿಗೆ ಹೊರಟಿದ್ದರೆಂದು ಬರೆದವು, ಇಕ್ಕಟ್ಟಿನ ರಸ್ತೆಯ ಅಗಲವನ್ನೂ ಬರೆದವು. ಓದಿದ ನಾಡಿಗೆ ಅದು ತನ್ನ ಮನೆಯ ಸಾವಾಯಿತು. ರಸ್ತೆಯನ್ನೇ ಕಟಕಟೆಗೆ ತಂದು ನಿಲ್ಲಿಸಬೇಕೆಂಬ ಕೂಗು ಎದ್ದಿತು. ಮುಂದೆ ಆ ಬೈಪಾಸನ್ನು ಆರು ಪಥಕ್ಕೆ ಅಗಲಿಸುವ ಕೆಲಸವೂ ಶುರುವಾಯಿತು. ಬರವಣಿಗೆಯೊಂದೇ ಇದನ್ನು ಮಾಡಿತೆಂದು ನಾನು ಹೇಳುವುದಿಲ್ಲ. ಆದರೆ ಸತ್ತವರು ಮನುಷ್ಯರಾಗಿ ಕಾಣಿಸಿಕೊಳ್ಳದಿದ್ದರೆ ಆ ಕೂಗು ಅಷ್ಟು ಗಟ್ಟಿಯಾಗಿ ಏಳುತ್ತಿರಲಿಲ್ಲ. ಒಬ್ಬೊಬ್ಬನೇ, ಬೇರೆ ಬೇರೆ ದಿನ, ಬೇರೆ ಬೇರೆ ತಿರುವಿನಲ್ಲಿ ಸಾಯುವ ಸೈಕಲ್ಲಿನವನಿಗೆ ಆ ಭಾಗ್ಯವಿಲ್ಲ.

ಸುದ್ದಿಗಾರರು ಇದಕ್ಕೆ ಉತ್ತರ ಕೊಡಬಲ್ಲರೆಂದು ನಾನು ಬಲ್ಲೆ. ಠಾಣೆಯಿಂದ ಬಂದ ಮಾಹಿತಿಯೇ ಅಷ್ಟು. ತನಿಖೆಗೆ ಮುಂಚೆ ಯಾರನ್ನೂ ತಪ್ಪಿತಸ್ಥನೆನ್ನಲಾಗದು. ಜಾಗ ನಾಲ್ಕೇ ಸಾಲು. ಮೂರೂ ನ್ಯಾಯವಾದ ಮಾತುಗಳೇ. ಆದರೂ ಅದೇ ನಾಲ್ಕು ಸಾಲಿನಲ್ಲಿ ‘ವಾಹನ ಚಾಲಕ ನಿಲ್ಲಿಸದೆ ಹೋದ’ ಎಂದು ಬರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ‘ಹಾಲು ಹಾಕಿ ಮನೆಗೆ ಮರಳುತ್ತಿದ್ದ’ ಎಂಬುದಕ್ಕೆ ಹೆಚ್ಚು ಜಾಗವೂ ಬೇಡ. ಸವಾರನನ್ನು ಮನುಷ್ಯನೆನ್ನಲೂ ಓಡಿಸಿದವನನ್ನು ವಾಕ್ಯದೊಳಕ್ಕೆ ಕರೆತರಲೂ ಇಷ್ಟು ಸಾಕು.

೫

ಸುದ್ದಿಗಾರರ ತಲೆಗೆ ಮಾತ್ರ ಈ ಹೊಣೆಯನ್ನು ಕಟ್ಟುವುದು ಅನ್ಯಾಯ. ವರದಿಯ ಗದ್ಯ ಸಾಹಿತ್ಯದ ಗದ್ಯದಿಂದಲೇ ಕಣ್ಣು ಪಡೆಯುತ್ತದೆ. ೧೯೪೮ರಲ್ಲಿ ಇಟಲಿಯ ಡಿ ಸಿಕಾ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರ ಒಬ್ಬ ಕೂಲಿಯವನ ಕಳುವಾದ ಸೈಕಲ್ಲಿನ ಕತೆ. ಅದನ್ನು ನೋಡಿದವನಿಗೆ ಗೋಡೆಗೊರಗಿದ ಸೈಕಲ್ಲು ಒಂದು ಸಂಸಾರದ ಅನ್ನವಾಗಿ ಕಾಣತೊಡಗುತ್ತದೆ. ಅಂಥ ಕಣ್ಣನ್ನು ನಾವು ನಮ್ಮ ಓದುಗರಿಗೆ ಕೊಡಲಿಲ್ಲ.

ಕಾಲ ಮಿಂಚಿಹೋಯಿತು, ಈಗ ಸೈಕಲ್ಲು ಯಾರಿಗೆ ಬೇಕು ಎನ್ನುವವರಿಗೆ ಒಂದು ಚಿತ್ರವನ್ನು ನೆನಪಿಸುತ್ತೇನೆ. ೨೦೦೬-೦೭ರಿಂದ ನಮ್ಮ ರಾಜ್ಯ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿತು. ಕೋವಿಡ್ ಬಂದ ೨೦೨೦ರ ಸುಮಾರಿಗೆ ಅದು ನಿಂತಿತು. ಆ ನಡುವಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಹೊಲಗಳ ನಡುವಿನ ದಾರಿಗಳಲ್ಲಿ ಎರಡು ಜಡೆ ಹಾಕಿದ ಹುಡುಗಿಯರು ಸಾಲಾಗಿ ಸೈಕಲ್ಲು ತುಳಿದು ಪಕ್ಕದೂರಿನ ಶಾಲೆಗೆ ಹೋದರು. ಅವರ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತವರು. ಇದ್ದಲ್ಲೇ ಸುತ್ತುತ್ತಿದ್ದ ಕಲ್ಲು ಮೊಮ್ಮಗಳ ಕಾಲ ಕೆಳಗೆ ಮುಂದಕ್ಕೆ ಉರುಳಿತು. ಕುವೆಂಪು ಅವರ ಹಳ್ಳಿಗ ನಗುತ್ತ ಆಡಿದ ಮಾತು ಹೀಗೆ ನಿಜವಾದದ್ದನ್ನು ಯಾವ ಕತೆಗಾರ ಬರೆದ? ಆ ಹುಡುಗಿಯ ಕಣ್ಣಿನಿಂದ ಆ ದಾರಿ, ಹಿಂದಿನಿಂದ ಬಂದ ಟ್ರಾಕ್ಟರಿನ ಸದ್ದಿಗೆ ಅವಳ ಕೈಯಲ್ಲಿ ಬಿಗಿದ ಹ್ಯಾಂಡಲ್ಲು, ಇಳುಕಲಿನಲ್ಲಿ ಮುಖಕ್ಕೆ ಬಡಿದ ಗಾಳಿ, ಇವು ನಮ್ಮ ಸಾಹಿತ್ಯಕ್ಕೆ ಸೇರಬೇಕಾದ ಅನುಭವಗಳು. ಆ ಹುಡುಗಿಯರಲ್ಲಿ ಮೊದಲನೆಯವರಿಗೆ ಈಗ ಮೂವತ್ತು ದಾಟಿದೆ. ಅವರಲ್ಲೇ ಯಾರಾದರೂ ಬರೆದಾರು. ಬರೆದ ದಿನ ಆ ಪುಸ್ತಕವನ್ನು ಈ ಪುಟಗಳಲ್ಲಿ ವಿಮರ್ಶಿಸುವ ಅವಕಾಶ ನನಗೆ ದೊರೆಯಲೆಂದು ಬಯಸುತ್ತೇನೆ.

ಅಲ್ಲಿಯವರೆಗೆ ಈ ಪತ್ರಿಕೆಯನ್ನೂ ಸೇರಿಸಿ ಎಲ್ಲ ಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಠಾಣೆಯಿಂದ ಆ ಸುದ್ದಿ ಬಂದಾಗ, ಅವನು ಎಲ್ಲಿಂದ ಎಲ್ಲಿಗೆ ಹೊರಟಿದ್ದನೆಂದು ಒಂದು ಸಾಲು ಕೇಳಿ ಬರೆಸಿ. ಮರುದಿನ ಅದನ್ನು ನಸುಕಿನಲ್ಲಿ ಮನೆಮನೆಗೆ ಮುಟ್ಟಿಸುವವನೂ ಒಬ್ಬ ಸೈಕಲ್ ಸವಾರನೇ ಆಗಿರಬಹುದು.